ಮೇಲಿಂದ ಬಂದ ಸದ್ದು

ಇದನ್ನು ಹೇಳಲು ನನಗೆ ಅಧಿಕಾರವಿದೆಯೋ ಇಲ್ಲವೋ ಗೊತ್ತಿಲ್ಲ. ಗಂಡ ಹೆಂಡಿರ ನಡುವಿನ ವಿಷಯ, ಅದೂ ಒಂದು ಡಬ್ಬದಿಂದ ಹುಟ್ಟಿಕೊಂಡದ್ದು. ಕೇಳಿದವರು ನಗಬಹುದು, ಬಸವರಾಜು ಬೇಸರ ಮಾಡಿಕೊಳ್ಳಬಹುದು. ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಅಂತ ಮೊದಲೇ ಕೇಳಿಕೊಂಡು ಶುರು ಮಾಡುತ್ತೇನೆ.

ಹಂದನಕೆರೆ ಕಡೆಯ ಆ ಊರಿಗೆ ಮೊದಲು ಹೋಮ್ ಥಿಯೇಟರ್ ತಂದವನು ಬಸವರಾಜು. ತೆಂಗಿನ ತೋಟ, ಎರಡು ಹಸು, ಸಿನಿಮಾ ಹುಚ್ಚು, ಇಷ್ಟೇ ಅವನ ಆಸ್ತಿ. ಐದು ಸ್ಪೀಕರು, ಮೂಲೆಯಲ್ಲಿ ಗುಂಯ್ ಅನ್ನುವ ಒಂದು ದೊಡ್ಡ ವೂಫರ್, ಇವಕ್ಕೆಲ್ಲ ಸದ್ದು ಹಂಚಿಕೊಡುವ ರಿಸೀವರ್ ಅನ್ನುವ ಒಂದು ಡಬ್ಬ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅರ್ಧ ಬೀದಿ ಅವನ ಮನೆಯಲ್ಲೇ ಕೂತಿರುತ್ತಿತ್ತು. ಅವನ ಹೆಂಡತಿ ವನಜಾಕ್ಷಿ ಬಂದವರಿಗೆಲ್ಲ ಟೀ ಕೊಟ್ಟು, ಕೊನೆಗೆ ಬಾಗಿಲ ಪಕ್ಕ ಕೂತು ನೋಡುತ್ತಿದ್ದಳು. ಚೆನ್ನಾಗಿದೆ ಅಂತಲೂ ಅನ್ನುತ್ತಿರಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನುತ್ತಿರಲಿಲ್ಲ. ಅವಳ ಸ್ವಭಾವವೇ ಹಾಗೆ ಅಂದುಕೊಂಡು ಬಸವರಾಜು ಸುಮ್ಮನಿದ್ದ.

ಈಚೆಗೆ ಎದುರು ಮನೆಯ ತಿಮ್ಮರಾಜು ಹೊಸ ರಿಸೀವರ್ ತಂದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ತಿಮ್ಮರಾಜುವಿನ ಡಬ್ಬ ಸುತ್ತಲಿಂದಷ್ಟೇ ಅಲ್ಲ, ತಲೆಯ ಮೇಲಿಂದಲೂ ಸದ್ದು ಕೊಡುತ್ತದಂತೆ. ಅದಕ್ಕೆಂದೇ ಕೊಬ್ಬರಿಗೆ ಕಾಯಿ ಒಣಗಿಸುವ ಅಟ್ಟದ ಕೆಳಗಿನ ಹಾಲ್‌ನಲ್ಲಿ, ಅಟ್ಟದ ಬಿದಿರು ಗಳುಗಳಿಗೇ ಪ್ಲೈವುಡ್ ಹೊಡೆಸಿ ಸ್ಪೀಕರು ಕೂರಿಸಿದ್ದ. ವನಜಾಕ್ಷಿ ನೋಡಿಕೊಂಡು ಬಂದವಳು ಅವರೆಕಾಯಿ ಬಿಡಿಸುತ್ತಾ ಅಂದಳು:

"ಮಳೆ ತಲೆ ಮೇಲೇ ಸುರಿದಂಗಾಯ್ತು ಕಣ್ರೀ. ಮೈಯೆಲ್ಲ ಜುಂ ಅಂತು."

ಅವರೆಕಾಳೊಂದು ಉರುಳಿಕೊಂಡು ಬಸವರಾಜುವಿನ ಕಾಲ ಹತ್ತಿರ ಬಂತು, ಎತ್ತಿಕೊಡಲಿಲ್ಲ. ಇಷ್ಟು ವರ್ಷ ತನ್ನ ಮನೆಯಲ್ಲಿ ಎಷ್ಟು ಮಳೆ, ಎಷ್ಟು ಗುಡುಗು, ಎಷ್ಟು ಕುದುರೆ ಓಡಿಲ್ಲ! ಒಂದು ದಿನವಾದರೂ ಅವಳ ಮೈ ಜುಂ ಅಂದಿತ್ತಾ? ಅಂದಿದ್ದರೆ ಹೇಳಬಾರದಿತ್ತಾ?

ಮುಂದಿನ ಭಾನುವಾರ ತಾನೂ ಹೋದ. ಅದೇ ಸಿನಿಮಾ, ಅದೇ ಮಳೆ. ಮೊದಲು ನಾಲ್ಕು ಮೂಲೆಯಿಂದ ಗಾಳಿ ಬೀಸಿತು. ಆಮೇಲೆ ಗುಡುಗಿತು. ಗುಡುಗಿನ ಹಿಂದೆಯೇ ತಲೆಯ ಮೇಲೆ ಲೊಟಲೊಟ ಲೊಟಲೊಟ ಅಂತ ಈ ತುದಿಯಿಂದ ಆ ತುದಿಗೆ ದಪ್ಪ ಹನಿ ಓಡಿಹೋಯಿತು. ಕೂತವರೆಲ್ಲ ಒಟ್ಟಿಗೆ ಮೇಲೆ ನೋಡಿದರು. ವನಜಾಕ್ಷಿಯೂ ನೋಡಿದಳು, ಬಾಯಿ ಸ್ವಲ್ಪ ತೆರೆದಿತ್ತು. ಬಸವರಾಜು ಮಾತ್ರ ಅವಳನ್ನೇ ನೋಡುತ್ತಿದ್ದ.

"ಹೆಂಗೈತ್ಲಾ?" ತಿಮ್ಮರಾಜು ರಿಮೋಟು ತೊಡೆಗೆ ಬಡಿದುಕೊಳ್ಳುತ್ತಾ ಕೇಳಿದ. "ನಿಂದಿನ್ನೂ ಆ ಹಳೇ ಡಬ್ಬನೇ ಅಲ್ವಾ? ಇರ್ಲಿ ಬುಡು, ವಾರ್ತೆ ಕೇಳಕ್ಕೆ ಸಾಕು."

ಎಲ್ಲರೂ ನಕ್ಕರು. ವನಜಾಕ್ಷಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮಾರನೆಯ ದಿನವೇ ಬಸವರಾಜು ಚಿಕ್ಕನಾಯಕನಹಳ್ಳಿಗೆ ಬಸ್ಸು ಹತ್ತಿ ರಹಮತುಲ್ಲಾನ ಅಂಗಡಿಗೆ ಹೋದ. ಹಳೆಯ ರಿಸೀವರ್ ಕೊಡಿಸಿದ್ದವನೂ ಅವನೇ.

"ನಿಮ್ದೇನೂ ಕೆಟ್ಟಿಲ್ವಲ್ಲ ಬಸವರಾಜಣ್ಣ?"

"ಕೆಟ್ಟಿಲ್ಲ. ಮೇಲಿಂದ ಸದ್ದು ಬರಲ್ಲ."

"ಬರಲ್ಲ. ಅದರಲ್ಲಿ ಆ ಲೈನೇ ಇಲ್ಲ. ಹೊಸದು ತರಿಸಿಕೊಡ್ತೀನಿ, ಆದ್ರೆ ಸ್ಪೀಕರು ಎಲ್ಲಿ ಕೂರಿಸ್ತೀರಾ?"

"ಅಟ್ಟಕ್ಕೆ."

"ಅಟ್ಟದಲ್ಲಿ ಕಾಯಿ ಇದೆಯಲ್ಲಣ್ಣ. ಅಷ್ಟು ಭಾರ ಇಟ್ಕೊಂಡು ನಾನು ಗಳುಗೆ ಡ್ರಿಲ್ ಹಾಕಲ್ಲಪ್ಪ. ಮೊದಲು ಇಳಿಸ್ರೀ."

ಅವಸರವಿಲ್ಲ, ಯೋಚನೆ ಮಾಡಿ ಹೇಳಿ ಅಂದ ರಹಮತುಲ್ಲಾ. ಬಸವರಾಜುವಿಗೆ ಯೋಚನೆ ಮಾಡುವಷ್ಟು ತಾಳ್ಮೆ ಇರಲಿಲ್ಲ. ಮನೆಗೆ ಬಂದವನೇ ಏಣಿ ತಂದಿಟ್ಟ. ಅವನ ತಾಯಿ ಚಿಕ್ಕಗೌರಮ್ಮ ಅಡುಗೆಮನೆಯಿಂದ ಓಡಿ ಬಂದಳು.

"ಏನ್ಲಾ ಅದು? ಕಾಯಿ ಇಳಿಸ್ತೀಯಾ? ಇನ್ನೂ ಒಳಗಿನ ನೀರೇ ಇಂಗಿಲ್ಲ, ಈಗ ಒಡೆದ್ರೆ ಕೊಬ್ಬರಿ ಸಿಗುತ್ತಾ, ಚಟ್ನಿಗಾಗುತ್ತಾ?"

"ಮನೇಲಿ ಬೇರೆ ಕೆಲಸ ಐತೆ ಕಣವ್ವ."

"ಯಾವ ಕೆಲಸನಪ್ಪ, ವರ್ಷದ ಬೆಳೆಗಿಂತ ದೊಡ್ಡದು?"

ಅವನಾಗಲೇ ಅಟ್ಟ ಹತ್ತಿದ್ದ. ನಾರಿನ ಮಟ್ಟೆಯ ಸಮೇತ ಹರಡಿದ್ದ ಕಾಯಿಗಳ ಮೇಲೆ ಹೆಂಚಿನ ಸಂದಿಯ ಬಿಸಿಲು ಗೆರೆ ಎಳೆದಿತ್ತು. ನಮ್ಮ ಕಡೆಯವರು ಅಟ್ಟದ ಕಾಯನ್ನು ಕೈಗೆ ತೆಗೆದುಕೊಂಡರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಕೆಳಗಿಡುವುದಿಲ್ಲ. ನೀರು ಕುಲುಕಿದರೆ ಇನ್ನೂ ಹಸಿ. ನೀರಿಂಗಿ, ಒಳಗಿನ ಕೊಬ್ಬರಿ ಚಿಪ್ಪಿನಿಂದ ಕಳಚಿಕೊಂಡು ಉಂಡೆಯಾಗಿ ಆಡಿದರೆ ಸುಲಿಯುವ ಕಾಲ. ಬಸವರಾಜು ಒಂದೊಂದೇ ಅಲ್ಲಾಡಿಸಿದ. ಕುಲುಕುಲು, ಕುಲುಕುಲು. ಮೂಲೆಯಲ್ಲಿ ಹಿಂದಿನ ಸಲ ಸುಲಿಯದೆ ಉಳಿದಿದ್ದೊಂದು ಕೈಗೆ ಸಿಕ್ಕಿತು. ಅಲ್ಲಾಡಿಸಿದ.

ಲೊಟಲೊಟ.

ಕೈ ಅಲ್ಲೇ ನಿಂತಿತು. ಇನ್ನೊಂದು ಸಲ ಅಲ್ಲಾಡಿಸಿದ. ತಿಮ್ಮರಾಜುವಿನ ಮಳೆ! ಅವನ ಅಟ್ಟದಲ್ಲಿರುವುದು ತನ್ನದಕ್ಕಿಂತ ಮೊದಲು ಏರಿಸಿದ ಕಾಯಿ, ಸುಲಿಯುವುದಕ್ಕೆ ಬಂದಿದೆ. ಗುಡುಗಿಗೆ ಗಳು ನಡುಗಿದಾಗ ಅಟ್ಟದ ತುಂಬ ಇರುವ ಕೊಬ್ಬರಿ ಆಡದೆ ಇರುತ್ತದಾ? ಹುಟ್ಟಿದಾಗಿನಿಂದ ಕೇಳಿದ ಸದ್ದು ತನಗೆ ಅವತ್ತು ಗುರುತು ಸಿಗಲಿಲ್ಲವಲ್ಲ ಅಂತ ನಾಚಿಕೆಯಾಗಬೇಕಿತ್ತು. ಅವನಿಗಾದದ್ದು ಖುಷಿ. ಏಣಿ ಇಳಿಯುವಾಗ ಸಿಳ್ಳೆ ಹಾಕಿದ. ಕಾಯಿ ಇಳಿಸುವುದಿಲ್ಲವೆಂದು ತಿಳಿದು ಚಿಕ್ಕಗೌರಮ್ಮನಿಗೂ ಸಮಾಧಾನವಾಯಿತು.

ಭಾನುವಾರ ಎಲ್ಲರಿಗಿಂತ ಮುಂಚೆ ಹೋಗಿ ತಿಮ್ಮರಾಜುವಿನ ಮನೆಯಲ್ಲಿ ಕೂತ. ಆ ಮಳೆಯನ್ನೇ ಹಾಕು ಅಂತ ತಾನೇ ಕೇಳಿದ. ಗುಡುಗಿತು, ಮೇಲೆ ಹನಿ ಓಡಿತು, ಜನ ತಲೆ ಎತ್ತಿದರು. ಬಸವರಾಜು ಎದ್ದು ನಿಂತ.

"ನಿಲ್ಸು ತಿಮ್ಮ. ಅದು ನಿನ್ನ ಡಬ್ಬದ ಸದ್ದಲ್ಲ ಕಣ್ಲಾ. ಅಟ್ಟದ ಕೊಬ್ಬರಿ ಆಡ್ತಿರೋದು."

ತಿಮ್ಮರಾಜುವಿನ ಮುಖ ಕೆಂಪಾಯಿತು. "ಹೊಟ್ಟೆಕಿಚ್ಚಿಗೆ ಕಿವಿನೂ ಕೆಟ್ಟೋಯ್ತೇನ್ಲಾ ನಿಂಗೆ?"

"ಹತ್ತಿ ನೋಡೋಣ ಬಾ."

"ನನ್ನ ಮನೆ ಅಟ್ಟ ಹತ್ತಕ್ಕೆ ನೀನ್ಯಾರ್ಲಾ?"

ಬೀದಿಗೆಲ್ಲ ಹಿರಿಯರಾದ ದೊಡ್ಡರಂಗಯ್ಯನವರು ಊರುಗೋಲು ತಟ್ಟಿ ಇಬ್ಬರನ್ನೂ ಕೂರಿಸಿದರು. "ಇನ್ನೊಂದ್ಸಲ ಹಾಕ್ಲಾ ತಿಮ್ಮ, ಕೇಳಾಣ." ಹಾಕಿದ. ಗುಡುಗಿತು. ಕೆಲವರು ಕೊಬ್ಬರಿಯೇ ಅಂದರು, ಕೆಲವರು ಅಲ್ಲ ಅಂದರು. "ನಂಗೆ ಎರಡೂ ಕೇಳ್ತು ಕಣ್ರಪ್ಪ" ಅಂದರು ದೊಡ್ಡರಂಗಯ್ಯ. "ಹಂಗಾದ್ರೆ ನಮ್ಮಟ್ಟಕ್ಕೂ ಒಂದು ಸಿನಿಮಾ ತೋರಿಸ್ಬೇಕು" ಅಂತಲೂ ಸೇರಿಸಿದರು. ಜನ ಬಿದ್ದು ಬಿದ್ದು ನಕ್ಕರು. ತಿಮ್ಮರಾಜುವಿನ ಹೆಂಡತಿ ಗಂಗಲಕ್ಷ್ಮಿ ಟೀ ಲೋಟಗಳನ್ನು ಟ್ರೇಗೆ ಕುಕ್ಕಿ ಒಳಗೆ ಹೋದಳು. ಬಸವರಾಜುವಿಗೆ ಎದೆ ಹಗುರಾಗಿತ್ತು. ಹೆಂಡತಿಯ ಕಡೆ ತಿರುಗಿ ನೋಡಿದ. ಅವಳೊಬ್ಬಳು ನಗುತ್ತಿರಲಿಲ್ಲ.

ಬೀದಿ ದಾಟುವಾಗ ಅಂದಳು: "ಕೊಬ್ಬರಿನೋ ಡಬ್ಬನೋ, ನಂಗೆ ಚೆನ್ನಾಗಿತ್ತು. ಎಲ್ಲರ ಮುಂದೆ ಕೆಡಿಸಿಬಿಟ್ರಿ."

"ನಿಜ ಹೇಳಿದ್ದು ತಪ್ಪಾ?"

"ನಿಜ ಹೇಳಕ್ಕೆ ಹೋಗಿದ್ರಾ ನೀವು?"

ಸಂಜೆ ಹಾಲು ಕರೆಯುವಾಗ ಹಸು ಒದೆಯಿತು, ಬಸವರಾಜು ಅದಕ್ಕೂ ಬೈಯಲಿಲ್ಲ.

ಸ್ವಲ್ಪ ದಿನ ಕಳೆದ ಮೇಲೆ ತಿಮ್ಮರಾಜು ಕಾಯಿ ಇಳಿಸಿ ಸುಲಿಸಿದ. ಅಂಗಳದ ತುಂಬ ಮಟ್ಟೆ, ಚಿಪ್ಪು. ಬೀದಿಯಾಚೆಯಿಂದಲೇ ಕೂಗಿದ: "ಲೇ ಬಸವ, ಅಟ್ಟ ಖಾಲಿ ಆಯ್ತು. ಈ ಭಾನುವಾರ ಬಂದು ಕೇಳ್ಲಾ. ಮಳೆ ಬರದಿದ್ರೆ ಡಬ್ಬ ನಿನ್ನ ಕಾಲ ಮೇಲೆ ಎತ್ತಾಕ್ತೀನಿ!"

ಭಾನುವಾರ ಬಸವರಾಜು ತೋಟದಲ್ಲಿ ಕೆಲಸವಿದೆ ಅಂದ. ಅಂಥ ಕೆಲಸವೇನೂ ಇರಲಿಲ್ಲ. ವನಜಾಕ್ಷಿ ಬೇರೆ ಸೀರೆ ಉಟ್ಟುಕೊಂಡು ಹೋದಳು. ಅವನು ತೆಂಗಿನ ಬುಡದಲ್ಲಿ ಕೂತು, ಮಳೆ ಬರದಿರಲಿ ಅಂತ ಬೇಡಿಕೊಂಡ. ಬಂದರೂ ಅವಳ ಮೈ ಜುಂ ಅನ್ನದಿರಲಿ ಅಂತಲೂ ಬೇಡಿಕೊಂಡ. ಅಷ್ಟರಲ್ಲಿ ರಹಮತುಲ್ಲಾನ ಫೋನು ಬಂತು.

"ಬಸವರಾಜಣ್ಣ, ತುಮಕೂರಿನಲ್ಲಿ ಒಂದು ಪೀಸಿದೆಯಂತೆ. ತರಿಸ್ಲಾ, ಬೇಡ್ವಾ?"

"ಸಂಜೆ ಹೇಳ್ತೀನಿ."

ಬಿಸಿಲಿರುವಾಗಲೇ ವನಜಾಕ್ಷಿ ವಾಪಸು ಬಂದಳು. ಕೈಕಾಲು ತೊಳೆದಳು. ಹಸುವಿಗೆ ಹುಲ್ಲು ಹಾಕಿದಳು. ಮುಖದಲ್ಲಿ ಏನಾದರೂ ಕಾಣುತ್ತದಾ ಅಂತ ತೋಟದಿಂದ ಬಂದವನು ಅವಳ ಹಿಂದೆ ಮುಂದೆ ಓಡಾಡಿದ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಮಳೆ ಬಂದಿದ್ದರೆ ರಿಸೀವರ್ ತರಿಸುವುದು, ಬರದಿದ್ದರೆ ಬಿಡುವುದು. ಆದರೆ ಹೌದು ಅಂದುಬಿಟ್ಟರೆ ಅನ್ನುವುದೇ ಅವನಿಗೆ ಭಯ. ಅವಳಾಗಿ ಹೇಳಲಿಲ್ಲ. ಅವನೂ ಕೇಳಲಿಲ್ಲ.

"ಸದ್ಯಕ್ಕೆ ಬೇಡ ಕಣಪ್ಪ" ಅಂತ ರಹಮತುಲ್ಲಾನಿಗೆ ಫೋನು ಮಾಡಿದ.

ಅವತ್ತು ತಿಮ್ಮರಾಜುವಿನ ಮನೆಯಲ್ಲಿ ಕೂತಿದ್ದವರನ್ನು ನಾನೂ ವಿಚಾರಿಸಿದೆ. ಮೊದಲಿನಂತೆಯೇ ಇತ್ತು ಅಂದವರಿದ್ದಾರೆ, ಸಪ್ಪಗಿತ್ತು ಅಂದವರೂ ಇದ್ದಾರೆ. ವನಜಾಕ್ಷಿಗೆ ಏನು ಕೇಳಿಸಿತೋ ನನಗೆ ಗೊತ್ತಿಲ್ಲ. ಬಸವರಾಜುವಿಗೂ ಗೊತ್ತಿಲ್ಲ.