ಮಂಚದ ಪಕ್ಕ ಕೂತವಳು

ಆ ಸುಳ್ಳನ್ನು ನಾನು ಮೊದಲು ಹೇಳಿದ್ದು ಮರ್ವಾ ಎಂಬ ಹುಡುಗಿಗೆ, ಕೊಟ್ಟಾರದಲ್ಲಿ ಅವಳ ಯೂಟ್ಯೂಬ್ ಚಾನೆಲ್ಲಿನ ಕ್ಯಾಮೆರಾ ಎದುರು. "ಸರ್, ಈ ಆಲ್ಬಮ್ ಅಂದ್ರೆ ನಿಮಗೆ ಪರ್ಸನಲಾಗಿ ಎಂತ?" ಎಂದು ಕೇಳಿದಳು. ಮದುವೆ ಹಾಲ್‌ಗಳಲ್ಲಿ ಗಿಟಾರ್ ಬಾರಿಸಿ ಸಾಕಾಗಿ, ನನ್ನದೂ ಒಂದು ಹೆಸರಾಗಲಿ ಎಂದು ಮಾಡಿದ್ದು ಎಂದಿದ್ದರೆ ಮುಗಿಯುತ್ತಿತ್ತು. ಅದನ್ನು ಯಾರು ಕೇಳುತ್ತಾರೆ?

"ನಮ್ಮ ಮಮ್ಮಿ ಕಂಕನಾಡಿ ಆಸ್ಪತ್ರೆಯಲ್ಲಿ ಹತ್ತು ವಾರ ಇದ್ರು. ನಾನು ದಿನಾ ಹೋಗಿ ಮಂಚದ ಪಕ್ಕ ಕೂತ್ಕೊಳ್ತಿದ್ದೆ. ಅವರು ಗುನುಗ್ತಿದ್ರು, ನಾನು ಅದನ್ನು ಗಿಟಾರಲ್ಲಿ ಹುಡುಕ್ತಿದ್ದೆ. ಅದೇ ಈ ಆಲ್ಬಮ್," ಎಂದೆ. ಹೇಳುವಾಗ ಕಣ್ಣಲ್ಲಿ ನೀರು ಬೇರೆ ಬಂತು. ಥೂ, ನನ್ನ ಜನ್ಮಕ್ಕೆ!

ವಿಡಿಯೊ ಊರೆಲ್ಲ ಓಡಾಡಿತು. ಇಂಥ ಮಗ ಎಲ್ಲರಿಗೂ ಸಿಗಲಿ ಎಂದು ಯಾರ‍್ಯಾರೋ ಬರೆದರು. ನಾನು ನಾಚಿಕೆ ಬಿಟ್ಟವನು, ಒಂದೊಂದಕ್ಕೂ ಕೈಮುಗಿಯುವ ಚಿತ್ರ ಹಾಕುತ್ತಾ ಕೂತೆ.

ನಿಜ ಹೇಳಿಬಿಡುತ್ತೇನೆ. ಆಸ್ಪತ್ರೆಗೆ ನಾನು ಹೋದದ್ದು ಎರಡೇ ಸಲ. ಮೊದಲ ಸಲ ಮಮ್ಮಿಯ ಕೈ ಹಿಡಿದೆ, ಬರೀ ಎಲುಬು. ಹೆದರಿದೆ. ಹೊರಗೆ ಓಡಿ ಬಂದು, ಪಾರ್ಕಿಂಗ್‌ನಲ್ಲಿ ಬೈಕಿನ ಮೇಲೆ ಅರ್ಧ ಗಂಟೆ ಕೂತಿದ್ದು ಮನೆಗೆ ಹೋದೆ. ಆಮೇಲೆ ಮದುವೆ ಸೀಸನ್, ಪ್ರಾಕ್ಟೀಸ್, ಸೌಂಡ್ ಚೆಕ್, ದಿನಕ್ಕೊಂದು ನೆಪ. ಎರಡನೆಯ ಸಲ ಹೋದದ್ದು ಹೆಣ ತರಲಿಕ್ಕೆ.

ಮಂಚದ ಪಕ್ಕ ಕೂತವಳು ನನ್ನ ಅಕ್ಕ ಎಲೇನ್. ಕುವೈತಿನಲ್ಲಿ ನರ್ಸ್ ಆಗಿದ್ದವಳು, ಆ ಕೆಲಸ ಬಿಟ್ಟು ಬಂದಳು. ಸಂಜೆ ಹೊತ್ತು ಮಮ್ಮಿ ಏನೋ ಗುನುಗುವುದನ್ನು ಫೋನಿನಲ್ಲಿ ಹಿಡಿದು ನನಗೆ ವಾಟ್ಸಾಪ್ ಮಾಡುತ್ತಿದ್ದಳು. ಹಾಗಾದರೂ ನಾನು ಬಂದೇನು ಎಂದು ಅವಳ ಆಸೆ. ಪ್ರತಿಯೊಂದರ ಕೊನೆಗೂ ಗುನುಗು ನಿಂತು ಮಮ್ಮಿಯ ಪಿಸುಮಾತು ಕೇಳುತ್ತಿತ್ತು: "ಪ್ರೇಮ್ ಆಯ್ಲೊಗೀ?" ಪ್ರೇಮ್, ಅಂದರೆ ನಾನು, ಬಂದನಾ ಎಂದು ನಮ್ಮ ಮನೆಮಾತಿನಲ್ಲಿ. "ಈಗ ಬರ್ತಾನೆ ಮಮ್ಮಿ," ಎಂದು ಅಕ್ಕ.

ಮಮ್ಮಿ ಹೋಗಿ ವರ್ಷ ಕಳೆದ ಮೇಲೆ ಆ ಮೆಸೇಜುಗಳನ್ನೇ ಸುರತ್ಕಲ್ಲಿನ ಸ್ಟುಡಿಯೊಗೆ ಒಯ್ದೆ. ಗುನುಗಿನ ಸುತ್ತ ಗಿಟಾರ್ ಕಟ್ಟಿದೆ. ರೆಕಾರ್ಡಿಂಗ್ ನೋಡಿಕೊಳ್ಳುವ ಕೃಷ್ಣಕಿಶೋರ್ ಆ ಕೊನೆಯ ಮಾತು ಕೇಳಿ, "ಇದನ್ನು ಇಡುವ ಸರ್, ಭಾರೀ ಫೀಲ್ ಉಂಟು," ಎಂದ.

"ಬೇಡ ಮಾರಾಯ, ತೆಗಿ. ಹಿಂದೆ ಆಸ್ಪತ್ರೆಯ ಗಲಾಟೆ ಕೇಳ್ತದೆ," ಎಂದೆ. ಎಂಟು ಹಾಡು, ಎಂಟೂ ಕಡೆ ಕತ್ತರಿಸಿದ.

ಬಿಡುಗಡೆ ಒಂದು ಆದಿತ್ಯವಾರ, ಪೂಜೆ ಮುಗಿದ ಮೇಲೆ ಚರ್ಚ್ ಹಾಲಿನಲ್ಲಿ. ಈಗ ಇಲ್ಲೇ ನರ್ಸ್ ಆಗಿರುವ ಅಕ್ಕನಿಗೆ ಡ್ಯೂಟಿ ಇರಲಿ ದೇವರೇ ಎಂದು ಬೇಡಿಕೊಂಡಿದ್ದೆ. ಬಂದಳು. ಮೂರನೇ ಸಾಲಿನಲ್ಲಿ ಕೂತು ಎಲ್ಲ ಹಾಡು ಕೇಳಿದಳು. ಕೊನೆಗೆ ನಿರೂಪಣೆ ಮಾಡುತ್ತಿದ್ದ ಯೂಸ್ಟೇಸ್ ಅಂಕಲ್ ಮೈಕಿನಲ್ಲಿ, "ಆ ಹತ್ತು ವಾರ ಪ್ರೇಮ್ ಹೇಗೆ ನೋಡಿಕೊಂಡ ಅಂತ ಅಕ್ಕನ ಬಾಯಲ್ಲೇ ಕೇಳುವ," ಎಂದುಬಿಟ್ಟರು. ಮುಗಿಯಿತು ನನ್ನ ಕತೆ, ಇನ್ನು ಈ ಊರಿನಲ್ಲಿ ಮುಖ ಎತ್ತಿ ತಿರುಗುವ ಹಾಗಿಲ್ಲ ಎಂದುಕೊಂಡೆ.

ಅಕ್ಕ ಮೈಕ್ ಹಿಡಿದಳು. ನನ್ನ ಕಡೆ ನೋಡಲಿಲ್ಲ. "ಪ್ರೇಮ್ ದಿನಾ ಬರ್ತಿದ್ದ," ಎಂದಳು. "ಪ್ರೋಗ್ರಾಮ್ ಮುಗಿಸಿ ತಡವಾಗಿ ಬರ್ತಿದ್ದ. ಮಮ್ಮಿ ತಮ್ಮ ಗಂಜಿಯಲ್ಲಿ ಅರ್ಧ ಅವನಿಗೆ ಮುಚ್ಚಿಡ್ತಿದ್ರು. ಅದನ್ನು ಕುಡಿದೇ ಹೋಗ್ತಿದ್ದ."

ಹಾಲ್ ತುಂಬ ಚಪ್ಪಾಳೆ. ಗಂಜಿಯಾ? ಯಾವ ಗಂಜಿ? ಜನ ಊಟದ ಕಡೆ ಹೊರಟಾಗ ಅಕ್ಕನನ್ನು ವರಾಂಡಕ್ಕೆ ಎಳೆದುಕೊಂಡು ಹೋದೆ.

"ಯಾಕೆ ಹಾಗೆ ಹೇಳಿದ್ದು? ನನ್ನ ಮಾನ ಉಳಿಸ್ಲಿಕ್ಕಾ?"

"ನಿನ್ನ ಮಾನ ಕಟ್ಟಿಕೊಂಡು ನನಗೆ ಎಂತ ಆಗ್ಬೇಕು?" ಎಂದಳು. ಸ್ವರ ಏರಿಸಲಿಲ್ಲ. "ಅದು ನಾನು ಕಟ್ಟಿದ ಸುಳ್ಳಲ್ಲ, ಮಮ್ಮಿದು. ಪಕ್ಕದ ಬೆಡ್ಡಲ್ಲಿ ಆಶಾಲತಾ ಅಂತ ಇದ್ರು. ನಿಮಗೆ ಮಗ ಇಲ್ವಾ ಅಂತ ಕೇಳಿದ್ರು. ಇದ್ದಾನೆ, ನೀವು ಮಲಗಿದ ಮೇಲೆ ಬರ್ತಾನೆ ಅಂದ್ರು ಮಮ್ಮಿ. ಅದರ ನಂತರ ದಿನಾ ಅರ್ಧ ಗಂಜಿ ಮುಚ್ಚಿಟ್ಟು, ಅವರಿಗೆ ನಿದ್ದೆ ಬಂದ ಮೇಲೆ ಚೆಲ್ಲಿ ಬಾ ಅಂತ ನನ್ನ ಕೈಲಿ ಕೊಡ್ತಿದ್ರು. ಬೆಳಿಗ್ಗೆ ಪಾತ್ರೆ ಖಾಲಿ ಕಾಣ್ಬೇಕಲ್ಲ? ಊಟವೇ ಸೇರದ ಹೆಂಗಸು, ನಿನಗೋಸ್ಕರ ಅದರಲ್ಲೂ ಅರ್ಧ ಬಿಟ್ರು."

ನಾನು ಊಟದ ಸಾಲಿನ ಕಡೆ ಮುಖ ತಿರುಗಿಸಿದೆ.

"ಆ ಕೊನೆಯ ಮಾತು ಕತ್ತರಿಸಿದ್ದು ಒಳ್ಳೆದಾಯ್ತು," ಎಂದಳು. "ಇಟ್ಟಿದ್ರೆ, ಮಮ್ಮಿ ಗುನುಗುವಾಗ ನೀನು ಪಕ್ಕದಲ್ಲಿ ಇರ್ಲೇ ಇಲ್ಲ ಅಂತ ಆಶಾಲತಕ್ಕನಿಗೆ ಇವತ್ತು ಗೊತ್ತಾಗ್ತಿತ್ತು. ನಿನ್ನ ವಿಡಿಯೊ ನೋಡಿ ಬಂದಿದ್ದಾರೆ. ನನ್ನ ಪಕ್ಕವೇ ಕೂತಿದ್ರು."

ಅಷ್ಟರಲ್ಲಿ ಅವರೇ ಬಂದರು. ಸಣಕಲು ಮೈ, ಬಾಡಿದ ಮುಖ, ಮುಡಿಯಲ್ಲಿ ಒಂದು ತುಂಡು ಮಲ್ಲಿಗೆ. ನನ್ನ ಎರಡೂ ಕೈ ಹಿಡಿದುಕೊಂಡರು. "ನೀವೇ ಅಲ್ವಾ ಪ್ರೇಮ್? ನಿಮ್ಮನ್ನು ನೋಡ್ಬೇಕು ಅಂತ ಎಷ್ಟು ಸಲ ಎಚ್ಚರ ಇರ್ಲಿಕ್ಕೆ ನೋಡಿದೆ ಮಾರಾಯ್ರೆ, ಆ ಮಾತ್ರೆಗೆ ನಿದ್ದೆ ಬಂದೇ ಬಿಡ್ತಿತ್ತು. ನನ್ನ ಮಕ್ಕಳಿಗೆ ನಿಮ್ಮನ್ನೇ ತೋರಿಸಿ ಬೈತೇನೆ, ನೋಡಿ ಕಲೀರಿ ಅಂತ. ದಿನಾ ಬರ್ತಿದ್ರಲ್ಲ?"

ಇಲ್ಲ ಎಂದರೆ ಮಮ್ಮಿ ಸುಳ್ಳುಗಾರ್ತಿ. ಹೌದು ಎಂದರೆ ಈ ಹೆಂಗಸಿನ ಮಕ್ಕಳು ಇನ್ನಷ್ಟು ಬೈಸಿಕೊಳ್ಳಬೇಕು, ನನ್ನಂಥವನ ಹೆಸರಿನಲ್ಲಿ. ಅಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಹೌದು ಆಂಟಿ," ಎಂದೆ. "ದಿನಾ ಬರ್ತಿದ್ದೆ."

ಅವರು ನನ್ನ ತಲೆ ಸವರಿದರು. ಆ ಕೈಯೂ ಬರೀ ಎಲುಬಾಗಿತ್ತು. ಈ ಸಲ ಓಡಿಹೋಗದೆ ನಿಂತೆ, ಆದರೆ ತಲೆ ಎತ್ತಲು ಆಗಲಿಲ್ಲ.