ದಪ್ಪಣ್ಣನ ಸ್ವೆಟರ್

ಟ್ಯಾಕ್ಸಿ ಬಂದು ಬಾಗಿಲಲ್ಲಿ ನಿಂತಿದ್ದರೂ ದಪ್ಪಣ್ಣ ಕುರ್ಚಿ ಬಿಟ್ಟು ಏಳಲಿಲ್ಲ. ಆಸ್ಪತ್ರೆಯಲ್ಲಿ ಇವತ್ತು ಅವನಿಗೆಂದು ಒಂದು ಹಾಸಿಗೆ ಕಾದಿರಿಸಿದ್ದರು. ಮಧ್ಯಾಹ್ನದೊಳಗೆ ಹೋಗದಿದ್ದರೆ ಅದು ಬೇರೆಯವರ ಪಾಲು, ಮತ್ತೆ ಯಾವಾಗ ಸಿಗುತ್ತದೋ ದೇವರೇ ಬಲ್ಲ. ಹೊಟ್ಟೆಯೊಳಗಿನ ಗಂಟನ್ನು ಆಪರೇಷನ್ ಮಾಡಿ ಬೇಗ ತೆಗೆಯದಿದ್ದರೆ ಕೈಮೀರುತ್ತದೆ ಎಂದು ಡಾಕ್ಟರು ಅಕ್ಕತಮ್ಮ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು.

"ನಾನು ಬರಲ್ಲ ಅಕ್ಕ," ಎಂದ ದಪ್ಪಣ್ಣ. "ಹುಷಾರಾಗಿರೋನನ್ನ ಹಿಡಿದು ಕೊಯ್ತಾರಂತೆ. ನೋಡಿಲ್ಲಿ." ಸ್ವೆಟರಿನ ಪಕ್ಕವನ್ನು ಎರಡು ಬೆರಳಲ್ಲಿ ಚಿವುಟಿ ಎಳೆಯಲು ನೋಡಿದ. "ಹಿಡಿಯೋಕೂ ಸಿಗ್ತಿಲ್ಲ. ಹೋದ ತಿಂಗಳಿಗಿಂತ ಬಿಗಿಯಾಗಿದೆ. ಮೈ ಬರ್ತಿದೆ ನಂಗೆ."

"ಆಸ್ಪತ್ರೇಲಿ ತೂಕ ನೋಡಿದಾಗ ಕಮ್ಮಿ ಬಂದಿತ್ತಲ್ಲೋ?"

"ಆ ಯಂತ್ರ ಸುಳ್ಳು ಹೇಳುತ್ತೆ. ನೀನು ಹೆಣೆದ ಸ್ವೆಟರ್ ಹೇಳಲ್ಲ."

ಈ ಎಡವಟ್ಟಿಗೆಲ್ಲ ಮೂಲ ಅಕ್ಕನೇ.

ದಪ್ಪಣ್ಣ ಎಂಬುದು ತಮ್ಮನ ಕಟಿಂಗ್ ಶಾಪಿನ ಗಿರಾಕಿಗಳು ಅವನಿಗೆ ಇಟ್ಟ ಹೆಸರು. ಅವನಿಗೂ ಅದರ ಮೇಲೆ ಒಳಗೊಳಗೇ ಜಂಬ. ಚಳಿ ಶುರುವಾಗುವ ಹೊತ್ತಿಗೆ ಅವನ ಮೈ ಇಳಿಯತೊಡಗಿತು. ಬೆಳಗಿಂದ ಸಂಜೆಯವರೆಗೆ ಕನ್ನಡಿಯೆದುರು ನಿಲ್ಲುವ ಕೆಲಸ. ಅಕ್ಕ ಹೆಣೆದುಕೊಟ್ಟ ಕಂದು ಸ್ವೆಟರು ಹೆಗಲಿಂದ ಜೋತುಬಿದ್ದದ್ದನ್ನು ಅವನೂ ನೋಡಬೇಕು, ಕುರ್ಚಿಯಲ್ಲಿ ಕೂತವನೂ ನೋಡಬೇಕು. "ಏನ್ ದಪ್ಪಣ್ಣ, ಸ್ವೆಟರನ್ನ ಗೂಟಕ್ಕೆ ನೇತುಹಾಕಿದ ಹಾಗಿದೆಯಲ್ಲ!" ಎಂದು ಯಾವನೋ ನಕ್ಕ. ಅವತ್ತು ಅಂಗಡಿ ಬಾಗಿಲು ಎಳೆದುಕೊಂಡು ಬಂದವನು ಊಟ ಬಿಟ್ಟ, ಮಾತು ಬಿಟ್ಟ, ಗೋಡೆಗೆ ಮುಖಮಾಡಿ ಮಲಗಿಬಿಟ್ಟ.

ಅಕ್ಕನಿಗೆ ನೋಡಲಾಗಲಿಲ್ಲ. ಒಗೆಯಲು ಹಾಕಿದ್ದೇನೆ ಎಂದು ಸುಳ್ಳು ಹೇಳಿ ಸ್ವೆಟರನ್ನು ಎತ್ತಿಟ್ಟುಕೊಂಡಳು. ಪಕ್ಕದ ಹೊಲಿಗೆ ಬಿಚ್ಚಿ, ಒಂದಿಷ್ಟು ಒಳಗೆ ಸೇರಿಸಿ, ಅದೇ ಉಣ್ಣೆಯಲ್ಲಿ ಮತ್ತೆ ಹೊಲಿದಳು. ಹಾಕಿಕೊಂಡವನು ಕನ್ನಡಿ ನೋಡಿ, "ಅಷ್ಟೇನೂ ಇಳಿದಿಲ್ಲ ಕಣೇ," ಎನ್ನುತ್ತಾ ತಟ್ಟೆಯ ಮುಂದೆ ಕೂತ. ಮಾರನೆಯ ದಿನ ಅಂಗಡಿಗೂ ಹೋದ. ಉಣ್ಣದಿದ್ದ ತಮ್ಮ ಉಂಡರೆ ಯಾವ ಅಕ್ಕ ತಾನೇ ತಪ್ಪು ಒಪ್ಪು ನೋಡುತ್ತಾಳೆ?

ಸ್ವಲ್ಪ ದಿನಕ್ಕೇ ಅದು ಮತ್ತೆ ಸಡಿಲವಾಯಿತು. ಇನ್ನೂ ಒಳಗೆ ಸೇರಿಸಿದರೆ ಮಡಿಕೆ ದಪ್ಪವಾಗಿ ಕಂಕುಳಲ್ಲಿ ಒತ್ತುತ್ತದೆ, ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಈ ಸಲ ಹೆಣಿಗೆಯನ್ನೇ ಬಿಚ್ಚಿದಳು. ಸುರುಳಿಗಟ್ಟಿದ ದಾರವನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಒಣಗಿಸಿ ನೆಟ್ಟಗೆ ಮಾಡಿ, ಕಡ್ಡಿಯ ಮೇಲೆ ಕುಣಿಕೆಗಳನ್ನು ಕಡಿಮೆ ಹಾಕಿ ಹೊಸದಾಗಿ ಹೆಣೆದಳು. ಅಳತೆಯೇನೋ ಸರಿಯಾಗಿಯೇ ಇತ್ತು. ಆದರೆ ಮನಸ್ಸಿನಲ್ಲಿ ದಿಗಿಲಿದ್ದರೆ ಹೆಣೆಯುವ ಕೈ ತಾನಾಗಿ ಬಿಗಿಯುತ್ತದೆ. ಡಾಕ್ಟರ ಮಾತು ನೆನಪಾದಾಗಲೆಲ್ಲ ಅವಳು ದಾರವನ್ನು ಎಳೆದೆಳೆದು ಹೆಣೆದಿದ್ದಳು. ಸ್ವೆಟರು ಅಂದುಕೊಂಡದ್ದಕ್ಕಿಂತ ಚಿಕ್ಕದಾಯಿತು. ತಮ್ಮ ಅದರೊಳಗೆ ಕಷ್ಟಪಟ್ಟು ತೂರಿಕೊಂಡು ಹಿಗ್ಗಿ ಹೀರೇಕಾಯಿಯಾದ. ಕೆನ್ನೆ ಒಳಗೆ ಹೋದದ್ದು, ಬೆಲ್ಟಿಗೆ ತಾನೇ ಹೊಸ ತೂತು ಕೊರೆದದ್ದು ಅವನ ಲೆಕ್ಕಕ್ಕೇ ಬರಲಿಲ್ಲ. ಬೇಕಾದದ್ದನ್ನಷ್ಟೇ ನೋಡುವ ಕಣ್ಣಿಗೆ ಏನು ಹೇಳೋಣ!

ಹೊರಗೆ ಡ್ರೈವರ್ ಹಾರ್ನ್ ಹೊಡೆದ.

"ಲೋ, ಸ್ವೆಟರನ್ನ ಚಿಕ್ಕದು ಮಾಡಿದ್ದು ನಾನು," ಅಕ್ಕ ಒಂದೇ ಉಸಿರಿಗೆ ಹೇಳಿದಳು. "ಎರಡು ಸಲ. ನಿಂಗೆ ಮೈ ಬಂದಿಲ್ಲ ಕಣೋ, ಇನ್ನೂ ಇಳಿದಿದ್ದೀಯ."

ದಪ್ಪಣ್ಣ ಗೊಳ್ಳೆಂದು ನಕ್ಕ. "ನನ್ನ ಗಾಡಿ ಹತ್ತಿಸೋಕೆ ಏನು ಬೇಕಾದ್ರೂ ಹೇಳ್ತೀಯ ನೀನು. ಕಥೆ ಕಟ್ಟೋಕೂ ಒಂದು ಮಿತಿ ಬೇಡ್ವಾ?"

"ನಿನ್ನಾಣೆ."

"ಸಾಕು ಸುಮ್ನಿರು. ಗಾಡೀನ ವಾಪಸ್ ಕಳಿಸು."

"ಬರ್ತೀರೋ ಇಲ್ವೋ? ನಂಗೆ ಬೇರೆ ಬಾಡಿಗೆ ಇದೆ!" ಡ್ರೈವರ್ ಬೀದಿಯಿಂದಲೇ ಕೂಗಿದ.

ಬಾಯಿಮಾತಿಗೆ ತಮ್ಮ ಬಗ್ಗುವ ಆಸಾಮಿಯಲ್ಲ. ಅಕ್ಕ ಒಳಗೆ ಓಡಿ, ಕಪಾಟಿನಲ್ಲಿ ಹೊದಿಕೆಗಳ ಕೆಳಗೆ ಬಚ್ಚಿಟ್ಟಿದ್ದ ಉಣ್ಣೆಯ ಉಂಡೆಯನ್ನು ತಂದು ಅವನ ತೊಡೆಯ ಮೇಲಿಟ್ಟಳು.

"ಏನಿದು?"

"ನಿನ್ನ ಸ್ವೆಟರ್ ಬಿಚ್ಚಿ ಮತ್ತೆ ಹೆಣೆದಾಗ ಮಿಕ್ಕಿದ್ದು."

ದಪ್ಪಣ್ಣ ದಾರದ ತುದಿಯನ್ನು ತೋಳಿನ ಪಕ್ಕಕ್ಕೆ ಹಿಡಿದು ನೋಡಿದ. ಅದೇ ಕಂದು. ಉಂಡೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಮುಖದ ಮೇಲಿನ ನಗು ಇಳಿದುಹೋಯಿತು.

"ಇಷ್ಟೊಂದಾ?"

ಅಕ್ಕ ಹೌದೆಂದು ತಲೆಯಾಡಿಸಿದಳು. ಬೈಯುತ್ತಾನೆ, ಉಂಡೆಯನ್ನು ಮುಖಕ್ಕೆ ಎಸೆಯುತ್ತಾನೆ ಎಂದು ಕಾದಳು. ಎಸೆದಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತು.

"ಒಂದು ಮಗುವಿನ ಸ್ವೆಟರ್ ಆಗುತ್ತಲ್ಲೇ ಇದರಲ್ಲಿ," ಎಂದು ನಗಲು ನೋಡಿದ. ಉಂಡೆಯನ್ನು ಕೆಳಗಿಟ್ಟು ಎದ್ದು ನಿಂತು ಎರಡೂ ಕೈ ಮೇಲೆತ್ತಿದ. "ತೆಗಿ ಇದನ್ನ. ಉಸಿರು ಕಟ್ಟುತ್ತೆ."

ಅಕ್ಕ ಅಂಚು ಹಿಡಿದು ಮೇಲಕ್ಕೆಳೆದಳು. ಬನಿಯನ್ನೂ ಜೊತೆಗೆ ಸರಿದು ಪಕ್ಕೆಲುಬುಗಳು ಒಂದೊಂದಾಗಿ ಕಂಡವು. ಸ್ವೆಟರು ತಲೆಯ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿತು. ಇನ್ನೊಮ್ಮೆ ಜಗ್ಗಬೇಕು ಎನ್ನುವಷ್ಟರಲ್ಲಿ ಒಳಗಿಂದ ಮಾತು ಕೇಳಿಸಿತು.

"ಅಕ್ಕಾ, ನಂಗೆ ತುಂಬಾ ಭಯ ಆಗ್ತಿದೆ."

ಅವಳು ಜಗ್ಗಲಿಲ್ಲ. ಉಣ್ಣೆಯ ಸಮೇತ ಅವನ ತಲೆಯನ್ನು ಎದೆಗೊತ್ತಿಕೊಂಡಳು.

"ನಂಗೂ ಕಣೋ."

ಬೀದಿಯಲ್ಲಿ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿತು. ಅಕ್ಕ ತಬ್ಬಿದ ಕೈ ಸಡಿಲಿಸದೆ, ಕಿಟಕಿಯ ಕಡೆಗೆ ಕತ್ತು ತಿರುಗಿಸಿ, "ಹೋಗ್ಬೇಡಪ್ಪಾ, ಬಂದ್ವಿ!" ಎಂದು ಇದ್ದ ದನಿಯನ್ನೆಲ್ಲ ಸೇರಿಸಿ ಕೂಗಿದಳು.