ಅನ್ನವ್ವನ ಮೂರನೇ ಮೊಣಕಾಲು

ಕೊನೆಯ ಲೇಪನದ ಸ್ಪ್ರೇ ಡಬ್ಬಿ ಅಲುಗಾಡಿಸುತ್ತ ಪಡಸಾಲೆಗೆ ಬಂದ ನಂದಾಳಿಗೆ ಮೊಣಕಾಲು ಕಾಣಲಿಲ್ಲ. ಕಿಟಕಿಯ ಬಳಿ ಹಾಸಿದ ಗೋಣಿಚೀಲದ ಮೇಲೆ ಸೊಂಟದ ಎಲುಬು, ಭುಜದ ಎಲುಬು ತಮ್ಮ ಪಾಡಿಗೆ ಕೂತಿದ್ದವು.

ಮಿಶ್ರಿಕೋಟಿಯ ಬಸ್ ನಿಲ್ದಾಣದ ಹಿಂದೆ ಶೆಡ್ ಹಾಕಿದ್ದ ಸುದೀಪ, ರೋಗಿಗಳ ಸ್ಕ್ಯಾನಿನಿಂದ ಪ್ಲಾಸ್ಟಿಕ್ ಎಲುಬುಗಳನ್ನು ಯಂತ್ರದಲ್ಲಿ ಮುದ್ರಿಸುತ್ತಿದ್ದ. ಹುಬ್ಬಳ್ಳಿಯ ಸಂಶೋಧಕ ಡಾಕ್ಟರುಗಳು ಅವನ್ನು ಅಳೆದು, ಕೊಯ್ದು ಪರೀಕ್ಷಿಸುತ್ತಿದ್ದರು. ಯಂತ್ರದಿಂದ ಬಂದ ಎಲುಬಿನ ಮೈತುಂಬ ಶಾವಿಗೆ ಅಂಟಿಸಿದಂಥ ಗೆರೆಗಳು. ಪಾಲಿಶ್ ಪೇಪರಿನಿಂದ ಅವನ್ನು ಉಜ್ಜಿ ನುಣುಪು ಮಾಡಿ ಲೇಪನ ಕೊಡುವುದು ನಂದಾಳ ಕೆಲಸ. ಇಷ್ಟು ದಿನ ಶೆಡ್ಡಿನಲ್ಲಿ ಅವನ ಕಣ್ಣೆದುರು ಮಾಡುತ್ತಿದ್ದಳು. ಈ ಸಲ ನಂಬಿ ಮನೆಗೆ ಕೊಟ್ಟು ಹೇಳಿದ್ದ:

“ಅಕ್ಕಾರ, ಮೊಣಕಾಲಿಂದು ಸವದ ಜಾಗಾ ಮಾತ್ರ ಉಜ್ಜಬ್ಯಾಡ್ರಿ. ಅವರಿಗೆ ಬೇಕಾಗಿದ್ದು ಅದಽ. ಸಂಜಿ ಹುಬ್ಬಳ್ಳಿ ಬಸ್ಸಿಗೆ ಕಳಸ್ರಿ. ಇದು ಸರಿ ಹೋತಂದ್ರ ಇನ್ನ ಮ್ಯಾಲೆ ಮನ್ಯಾಗಽ ಮಾಡ್ರಿ.”

ಅದೊಂದು ಮಾತಿಗಾಗಿ ನಂದಾ ಕಾದಿದ್ದಳು. ತಾನೇ ಶುರು ಮಾಡಿ ತಾನೇ ಮುಗಿಸಿ, ಮುಗಿಯಿತು ಎಂದು ದೂರ ನಿಂತು ನೋಡುವಂಥ ಕೆಲಸ ಮನೆಯಲ್ಲಿ ಮತ್ಯಾವುದಿತ್ತು? ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಮತ್ತೆ ರೊಟ್ಟಿಯ ಹೊತ್ತಾಗುತ್ತಿತ್ತು.

ಈಗ ನೋಡಿದರೆ ಮೊಣಕಾಲಿಲ್ಲ. ಮೊಣಕಾಲು ನೋವೆಂದು ನೀರಿನ ತಂಬಿಗೆಗೂ ಏಳದ ಅತ್ತೆ ಅನ್ನವ್ವನೂ ಇಲ್ಲ.

ಇಬ್ಬರೂ ಓಣಿಯ ತುದಿಯಲ್ಲಿ, ದುಂಡವ್ವನ ಕಟ್ಟೆಯ ಮೇಲೆ ಸಿಕ್ಕರು. ಅನ್ನವ್ವ ಮೊಣಕಾಲನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಸುತ್ತ ಹೆಂಗಸರು.

“ಕೈ ಆಡಿಸಿ ನೋಡ್ರಿ. ನನ್ನ ಕಾಲಾಗೂ ಹಿಂಗಽ ಸವದೈತಿ. ನಾಟಕಾ ಅಂತೀರಿ!”

“ಅದು ಪ್ಲಾಸ್ಟಿಕ್ ಬೇ ಅನ್ನವ್ವ,” ಎಂದಳು ದುಂಡವ್ವ. “ನಿಂದು ಬ್ಯಾರೆ. ದುಮ್ಮವಾಡಕ್ಕ ಮದುವಿ ಊಟಕ್ಕ ಹೋಗೂಣು ಅಂದ್ರ ಅಗದಿ ಎಳಗರದ ಕಾಲು. ಕಸಬರಗಿ ಕಂಡ್ರಷ್ಟಽ ನೋವು.”

ಕಟ್ಟೆ ನಕ್ಕಿತು. ನಂದಾಳಿಗೆ ನಗೆ ಬರಲಿಲ್ಲ. ಕಸಬರಗಿಯ ಮಾತನ್ನು ದುಂಡವ್ವನ ಕಿವಿಗೆ ಹಾಕಿದವಳು ತಾನೇ.

“ಅತ್ತೀ, ಕೊಡ್ರಿ. ಬಸ್ಸಿನ ಹೊತ್ತಾತು.”

ಹಿಡಿದರೆ ಕೈ ಜಾರಿತು. ಮೂಸಿ ನೋಡಿದಳು. “ಎಣ್ಣಿ ಹಚ್ಚೀರೇನ್ರಿ?”

“ಹಚ್ಚದಽ ಏನ ಮಾಡಲಿ? ಎಷ್ಟು ಸವದೈತಿ ಪಾಪ! ಬೆಚ್ಚಗ ಮಾಡಿ ತಿಕ್ಕೇನಿ. ನನಗಂತೂ ತಿಕ್ಕವರಿಲ್ಲ, ಇದಕ್ಕರ ಆರಾಮ ಅನಸ್ಲಿ.”

ಎಣ್ಣೆಯ ಮೇಲೆ ಲೇಪನ ನಿಲ್ಲುವುದಿಲ್ಲ. ಮತ್ತೆ ತೊಳೆಯಬೇಕು, ಒರೆಸಬೇಕು, ಒಣಗಿಸಬೇಕು. ನಂದಾ ಜಗ್ಗಿದಳು. ಅನ್ನವ್ವ ಬಿಡಲಿಲ್ಲ.

“ದಿನಾ ಇದನ್ನ ತಿಕ್ಕಾಕಿ ನೀನು. ಎಲ್ಲಾರ ಮುಂದ ಹೇಳು, ನನ್ನ ಕಾಲು ಹಿಂಗ ಐತೋ ಇಲ್ಲೋ? ಹೇಳು, ಕೊಡ್ತೀನಿ.”

ಹೌದ್ರಿ ಎಂದುಬಿಟ್ಟರೆ ಮುಗಿಯುತ್ತಿತ್ತು. ನಂದಾ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಬೆರಳು ಸವೆದ ಜಾಗಕ್ಕೆ ತಾಗಿತು. ಸುತ್ತಲೂ ಸರಾಗ ಹರಿಯುತ್ತಿದ್ದ ಪಾಲಿಶ್ ಪೇಪರ್ ಇದರ ಅಂಚಿಗೆ ಬಂದಾಗೆಲ್ಲ ಕಚಕ್ಕೆಂದು ಸಿಕ್ಕಿ, ಅವಳ ಹಲ್ಲು ಜುಮ್ಮೆನ್ನುತ್ತಿತ್ತು. ಯಾರೋ ಇದರ ಮೇಲೇ ನಡೆದು ಸ್ಕ್ಯಾನಿಗೆ ಹೋಗಿದ್ದಾರಲ್ಲ ಎಂದು ಆ ಕಾಣದವರಿಗಾಗಿ ಮರುಗಿದ್ದಳು. ಕಂಡವರಿಗಾಗಿ ಮರುಗುವುದು ಮಾತ್ರ ನೆನಪಾಗಿರಲಿಲ್ಲ.

ನಂದಾ ಕುಕ್ಕರಗಾಲಿನಲ್ಲಿ ಕೂತು ಅತ್ತೆಯ ಮೊಣಕಾಲಿನ ಮೇಲೆ ಅಂಗೈ ಇಟ್ಟಳು. “ಮಡಚ್ರಿ.”

ಅನ್ನವ್ವ ಮಡಚಿದಳು. ಅಂಗೈಯ ಕೆಳಗೆ ಹರಳು ಹೊರಳಿದಂತಾಯಿತು.

“ಇದಕ್ಕಿಂತ ನಮ್ಮತ್ತೀದು ಹೆಚ್ಚ ಸವದೈತಿ,” ಎಂದಳು ನಂದಾ. ಈ ಸಲ ಕಟ್ಟೆ ನಗಲಿಲ್ಲ.

ಅನ್ನವ್ವ ತಟ್ಟನೆ ಕೈ ಸಡಿಲಿಸಿದಳು. ನಂದಾ ಪ್ಲಾಸ್ಟಿಕ್ ಮೊಣಕಾಲನ್ನೆತ್ತಿಕೊಂಡು ಏಳುವಷ್ಟರಲ್ಲಿ ದುಂಡವ್ವ ಸೀರೆ ಮೇಲೆತ್ತಿ ಕಾಲು ಚಾಚಿದ್ದಳು. “ನಂದೂ ಒಂಚೂರು ಹಿಡದ ನೋಡು, ತಂಗಿ.” ಅವಳ ಹಿಂದೆ ಇನ್ನೆರಡು ಕಾಲು ಚಾಚಿಕೊಂಡವು. ನಂದಾ ದಾಟಿಕೊಂಡು ಓಡಿದಳು.

ಸಾಬೂನಿನಿಂದ ತೊಳೆದು, ಒರೆಸಿ, ಲೇಪನ ಕೊಟ್ಟಳು. ಮೆಲ್ಲಗೆ ಮನೆ ಮುಟ್ಟಿದ ಅನ್ನವ್ವ ತಾನಾಗಿಯೇ ಮೊರ ಹಿಡಿದು ಗಾಳಿ ಬೀಸಿದಳು. ಬಸ್ಸು ಹೊರಳುವಷ್ಟರಲ್ಲಿ ಚೀಲ ಕಂಡಕ್ಟರನ ಕೈ ಸೇರಿತು.

ಮರುದಿನ ಸುದೀಪನ ಫೋನು ಬಂತು. “ಅಗದಿ ಛಲೋ ಆಗೇತಂತ್ರಿ. ಇನ್ನ ಮನ್ಯಾಗಽ ಮಾಡ್ರಿ.”

ನಂದಾ ಕುಣಿಯುವುದೊಂದು ಬಾಕಿ. ಒಳಗೆ ಓಡಿ ಅತ್ತೆಗೆ ಹೇಳಿದಳು.

“ಛಲೋ ಆತು,” ಎಂದಳು ಅನ್ನವ್ವ. “ಮುಂದ ಏನ ಕಳಸ್ತಾನಂತ?”

“ಬೆನ್ನೆಲುಬ್ರಿ.”

ಅನ್ನವ್ವ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಮೆಲ್ಲಗೆ, ಬಲು ಮೆಲ್ಲಗೆ, ಟೊಂಕದ ಮೇಲೆ ಕೈ ಇಟ್ಟುಕೊಂಡಳು.